ಕೃಷಿ ಹೊಂಡದಾಗ ಬಿದ್ದ ಕೂಸು ಮನಿಗಿ ಬಂದದ, ಇನ್ನ ಮುಂದ ಏನೇನು ನೋಡಬೇಕು?

ತೊಗರಿಹೊಲ, ಸೇಡಂ ತಾಲ್ಲೂಕು

ಎಲ್ಲರಿಗೂ ಶರಣು. ನಮ್ಮ ತಮ್ಮನ ಮಗ, 4 ವರ್ಷ, 14 ಕೆಜಿ. ಹೋದ ವಾರ ಹೊಲದಾಗಿನ ಕೃಷಿ ಹೊಂಡದಾಗ ಬಿದ್ದಿದ್ದ. ಎರಡು-ಮೂರು ನಿಮಿಷ ನೀರಾಗ ಇದ್ದಿರಬೇಕು. ಬಾಜು ಹೊಲದಾಗ ಆಡು ಕಾಯ್ತಿದ್ದ 14 ವರ್ಷದ ಹುಡುಗ ಪಂಪಿನ ಹಗ್ಗ ಹಿಡಿದು ಇಳಿದು ಎತ್ಯಾನ. ಉಸಿರಿರಲಿಲ್ಲ. ಸಾಲ್ಯಾಗ ತೋರಿಸಿದ್ರಂತ, ಬಾಯಿಗೆ ಬಾಯಿ ಹಚ್ಚಿ ಊದಿ, ಎದಿ ಒತ್ಯಾನ. ಕೂಡಿದ ಮಂದಿ ತಲಿ ಕೆಳಗ ಮಾಡ್ರಿ, ಹೊಟ್ಟಿ ಒತ್ರಿ ಅಂತ ಗದ್ದಲ ಹಾಕಿದ್ರೂ ಅಂವ ಬಿಟ್ಟಿಲ್ಲ. 108 ಬರೋದ್ರೊಳಗ ಕೂಸು ಅತ್ತದ. ದವಾಖಾನಿಯಾಗ ಎರಡು ದಿನ ಆಕ್ಸಿಜನ್ ಇಟ್ಟು, ನಿನ್ನೆ ಸಂಜಿಗಿ ಮನಿಗಿ ಕಳಿಸ್ಯಾರ.

ಕೇಳಬೇಕಾಗಿದ್ದು ಇಷ್ಟು: ಮನ್ಯಾಗ ಏನು ಲಕ್ಷ್ಯ ಇಡಬೇಕು, ಎಷ್ಟು ದಿನ? ವಾಟ್ಸಾಪಿನಾಗ "ವಾರದ ಮ್ಯಾಲ ಒಮ್ಮೆಲೆ ಹೋಗ್ತಾರ" ಅಂತ ಬಂದದ, ಮನ್ಯಾಗ ಯಾರೂ ಮಲಗಿಲ್ಲ. ಹೊಟ್ಟಿ ಒತ್ತಬೇಕಿತ್ತೇನು? ಹೊಂಡಕ್ಕ ಏನು ಮಾಡಬೇಕು? ಕಡೀದು, ಆ ಹುಡುಗನ ಮನಿಯವರು ರೊಕ್ಕ ಮುಟ್ಟವಲ್ರು. ಅವರ ಋಣ ಹ್ಯಾಂಗ ತೀರಸೋದು?

ಮಕ್ಕಳ ವಾರ್ಡ್, ಕಲಬುರಗಿ

ಮೊದಲು ಆ ವಾಟ್ಸಾಪ್ ಮಾತು. ನೀರಿನಿಂದ ಎತ್ತಿದ ಎಷ್ಟೋ ಹೊತ್ತಿನ ಮೇಲೆ ಸಾವು ಬರುತ್ತದೆ ಎನ್ನಲು ಬಳಸುವ "ಡ್ರೈ ಡ್ರೌನಿಂಗ್", "ಸೆಕೆಂಡರಿ ಡ್ರೌನಿಂಗ್" ಎಂಬ ಹೆಸರುಗಳನ್ನು 2002ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸೇರಿದ ತಜ್ಞರೇ ಬಿಡಿ ಎಂದರು. ನೀರಿನಿಂದ ಶ್ವಾಸಕೋಶಕ್ಕೆ ಪೆಟ್ಟಾಗಿದ್ದರೆ ಅದು ಸಾಮಾನ್ಯವಾಗಿ ಮೊದಲ ಕೆಲವು ತಾಸುಗಳಲ್ಲೇ ಕೆಮ್ಮಾಗಿ, ಏದುಸಿರಾಗಿ ತೋರಿಸಿಕೊಳ್ಳುತ್ತದೆ. ಚೆನ್ನಾಗಿ ಕಾಣುವ ಮಗುವನ್ನೂ 6ರಿಂದ 8 ತಾಸು ದವಾಖಾನೆಯಲ್ಲಿ ಇರಿಸಿಕೊಳ್ಳುವುದು ಅದಕ್ಕೇ. ನಿಮ್ಮ ಕೂಸು ಆ ಗಡಿ ದಾಟಿ ಎರಡು ದಿನ ಹೆಚ್ಚೇ ಆಗಿದೆ. ಆಡಿಕೊಂಡಿರುವ ಕೂಸು ಏನೂ ಸೂಚನೆಯಿಲ್ಲದೆ ವಾರದ ಮೇಲೆ ಹೋಗಿಬಿಡುವುದಿಲ್ಲ. ಪಾಳಿ ಹಾಕಿಕೊಂಡಾದರೂ ಮಲಗಿರಿ.

ಈಗ ಉಳಿದಿರುವ ಭಯ ನ್ಯುಮೋನಿಯಾ. ಹೊಂಡದ ನೀರು ನಿಂತ ನೀರು, ಪಾಚಿ, ಕೆಸರು, ಆಡಿನ ಹಿಕ್ಕೆ ಎಲ್ಲವೂ ಅದರಲ್ಲಿರುತ್ತದೆ. ಕೂಸು ನಿದ್ದೆಯಲ್ಲಿದ್ದಾಗ ಅಂಗಿ ಎತ್ತಿ, ಎದೆ ಎಷ್ಟು ಸಲ ಏಳುತ್ತದೆಂದು ಗಡಿಯಾರ ಇಟ್ಟುಕೊಂಡು ಪೂರ್ತಿ ಒಂದು ನಿಮಿಷ ಎಣಿಸಿ. ಅರ್ಧ ನಿಮಿಷ ಎಣಿಸಿ ದುಪ್ಪಟ್ಟು ಮಾಡಬೇಡಿ, ಮಕ್ಕಳ ಉಸಿರು ಒಂದೇ ಸಮ ಇರುವುದಿಲ್ಲ. 1ರಿಂದ 5 ವರ್ಷದವರಿಗೆ 40 ಅಥವಾ ಅದಕ್ಕಿಂತ ಹೆಚ್ಚಾದರೆ ವೇಗದ ಉಸಿರು. ಮುಂಜಾನೆ, ರಾತ್ರಿ ಎರಡು ಹೊತ್ತು ಒಂದು ವಾರ ಬರೆದಿಡಿ. ಉಸಿರೆಳೆದಾಗ ಪಕ್ಕೆಯ ಕೆಳಗೆ ಗುಂಡಿ ಬಿದ್ದರೆ, ತುಟಿ ನೀಲಿಯಾದರೆ, ಹೊಸದಾಗಿ ಜ್ವರ ಬಂದರೆ, ಕೆಮ್ಮು ಇಳಿಯುವ ಬದಲು ಏರಿದರೆ, ಎಬ್ಬಿಸಿದರೂ ಏಳದಷ್ಟು ಮಂಪರು ಅಥವಾ ಫಿಟ್ಸ್ ಬಂದರೆ ಆ ಹೊತ್ತಿಗೇ ಹೊರಡಿ, ಬೆಳಗಾಗಲಿ ಎನ್ನಬೇಡಿ. ಹೊಂಡದ ಹತ್ತಿರ ಔಷಧ ಹೊಡೆಯುವ ಪಂಪು ತೊಳೆದಿದ್ದರೆ ಆ ಔಷಧದ ಡಬ್ಬಿಯ ಫೋಟೊವನ್ನು ಡಾಕ್ಟರಿಗೆ ತೋರಿಸಿ. ಇದನ್ನು ಹೇಳುವುದು ಬಹಳ ಜನ ಮರೆಯುತ್ತಾರೆ. ಎರಡು ವಾರದೊಳಗೆ ಯಾವ ಜ್ವರ ಬಂದರೂ "ಹೊಂಡದ ನೀರು ಕುಡಿದಿದ್ದ" ಎಂದೇ ಮಾತು ಶುರು ಮಾಡಿ.

ಮೆಡಿಕಲ್ ಅಂಗಡಿಯಿಂದ ಆಂಟಿಬಯಾಟಿಕ್ ತಂದು ಮುಂಜಾಗ್ರತೆಗೆಂದು ಕುಡಿಸಬೇಡಿ. ಬರೆದುಕೊಟ್ಟಿದ್ದರೆ ಮಾತ್ರ, ಬರೆದಷ್ಟೇ ದಿನ. ಊಟ ಎಂದಿನಂತೆ. ದೃಷ್ಟಿ ತೆಗೆಯಿರಿ, ತಕರಾರಿಲ್ಲ, ಆದರೆ ಲೋಬಾನದ ಹೊಗೆ ಹಾಕಬೇಡಿ. ಒಲೆ ಹೊಗೆ, ಬೀಡಿ ಹೊಗೆಯಿಂದಲೂ ದೂರ ಇಡಿ. ಪೆಟ್ಟು ತಿಂದ ಶ್ವಾಸಕೋಶಕ್ಕೆ ಹೊಗೆ ವಿಷ. ಹರಕೆ ಹೊತ್ತಿದ್ದರೆ ಗಾಣಗಾಪುರವೋ ಶರಣಬಸವೇಶ್ವರರ ಗುಡಿಯೋ ಎಲ್ಲಿಗೂ ಹೋಗುವುದಿಲ್ಲ, ಗದ್ದಲದ ಜಾಗಕ್ಕೆ ಎರಡು ವಾರ ತಡೆದು ಹೋಗಿ.

ಪ್ರಥಮ ಚಿಕಿತ್ಸೆ, ಬೀದರ್

ಹೊಟ್ಟೆ ಒತ್ತಬೇಕಿತ್ತೇ ಎಂಬುದಕ್ಕೆ ಉತ್ತರ: ಇಲ್ಲ. ಆ ಹುಡುಗ ಮಾಡಿದ್ದೇ ಸರಿ.

ಮುಳುಗಿದವರ ಹೊಟ್ಟೆಯಲ್ಲಿರುವ ನೀರು ಜೀವ ತೆಗೆಯುವುದಿಲ್ಲ. ಶ್ವಾಸಕೋಶಕ್ಕೆ ಹೋಗುವ ನೀರು ಬಹಳ ಕಡಿಮೆ. ಕೆಜಿಗೆ 1ರಿಂದ 3 ಮಿಲಿ ಹೋದರೂ ಉಸಿರಾಟ ಕೆಡುತ್ತದೆ. 14 ಕೆಜಿ ಕೂಸಿಗೆ ಅಂದರೆ ಮೂರರಿಂದ ಎಂಟು ಚಹಾ ಚಮಚೆ. ಅದನ್ನು ತಲೆಕೆಳಗೆ ಮಾಡಿ ಸುರಿಯಲು ಆಗದು. ಹೊಟ್ಟೆ ಒತ್ತಿದರೆ ಅಲ್ಲಿರುವ ನೀರು, ಉಂಡ ಅನ್ನ ಮೇಲೆ ಬಂದು ನೇರ ಶ್ವಾಸನಾಳಕ್ಕೆ ಇಳಿಯುತ್ತದೆ. ಅದಕ್ಕಿಂತ ಮುಖ್ಯ, ಹೊತ್ತು ಹೋಗುತ್ತದೆ. ಆಮ್ಲಜನಕ ಇಲ್ಲದ ಮಿದುಳಿಗೆ ನಾಲ್ಕರಿಂದ ಆರು ನಿಮಿಷದಲ್ಲಿ ಹಾನಿ ಶುರು. ಹೊಲದಿಂದ ದವಾಖಾನೆಗೆ ಬೈಕಿನ ಮೇಲೆ ಹಾಕಿಕೊಂಡು ಓಡಿದರೂ ಆ ನಾಲ್ಕು ನಿಮಿಷದಲ್ಲಿ ಮುಟ್ಟುವುದಿಲ್ಲ. ಉಸಿರು ಎತ್ತಿದ ಜಾಗದಲ್ಲೇ ಸಿಗಬೇಕು.

ಮನೆಯವರೆಲ್ಲ ಕಲಿಯಬೇಕಾದ ಕ್ರಮ ಹೀಗಿದೆ. ಕೂಸನ್ನು ಒಡ್ಡಿನ ಇಳಿಜಾರಿನಲ್ಲಿ ಅಲ್ಲ, ಸಮ ನೆಲದ ಮೇಲೆ ಅಂಗಾತ ಮಲಗಿಸಿ. ಒಬ್ಬರು 108 ಅಥವಾ 112ಕ್ಕೆ ಹಚ್ಚಿ ಫೋನ್ ಸ್ಪೀಕರಿಗೆ ಹಾಕಲಿ. ಹಣೆ ಹಿಂದಕ್ಕೆ ಬಾಗಿಸಿ, ಗದ್ದ ಮೇಲಕ್ಕೆತ್ತಿ, 10 ಸೆಕೆಂಡ್ ಮೀರದಂತೆ ಉಸಿರು ನೋಡಿ. ಆಗೊಮ್ಮೆ ಈಗೊಮ್ಮೆ ಮೀನಿನ ಹಾಗೆ ಬಾಯಿ ತೆರೆಯುವುದು ಉಸಿರಲ್ಲ, ಇಲ್ಲೇ ಎಲ್ಲರೂ ಮೋಸ ಹೋಗುವುದು. ಉಸಿರಿಲ್ಲದಿದ್ದರೆ ಮೂಗು ಹಿಡಿದು, ಬಾಯಿಗೆ ಬಾಯಿ ಮುಚ್ಚಿ, ಒಂದೊಂದು ಸೆಕೆಂಡಿನ 5 ಊದು. ಎದೆ ಏರಿದರೆ ಸಾಕು, ಬಲೂನಿಗೆ ಊದಿದಂತೆ ಊದಬೇಡಿ. ಏರದಿದ್ದರೆ ತಲೆ ಮತ್ತೊಮ್ಮೆ ಸರಿಪಡಿಸಿ. ವರ್ಷದೊಳಗಿನ ಕೂಸಾದರೆ ನಿಮ್ಮ ಬಾಯಿ ಅದರ ಬಾಯಿ, ಮೂಗು ಎರಡನ್ನೂ ಮುಚ್ಚಬೇಕು. ಆಮೇಲೂ ಕದಲದಿದ್ದರೆ, ವರ್ಷ ದಾಟಿದ ಮಕ್ಕಳಿಗೆ ಎದೆಗೂಡಿನ ನಡು ಎಲುಬಿನ ಕೆಳ ಅರ್ಧದ ಮೇಲೆ ಒಂದು ಅಂಗೈ ಊರಿ, ಸುಮಾರು 5 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಸಲ ಒತ್ತಿ, 2 ಸಲ ಊದಿ. ಅಂಬುಲೆನ್ಸ್ ಬರುವ ತನಕ ಇದೇ. ಬಾಯಲ್ಲಿ ಬರುವ ನೊರೆ ಒರೆಸುತ್ತ ಕೂರಬೇಡಿ, ಮತ್ತೆ ಬರುತ್ತಲೇ ಇರುತ್ತದೆ, ಅದರ ಮೇಲೆಯೇ ಊದಿ. ವಾಂತಿ ಆದರೆ ಮಾತ್ರ ಇಡೀ ಮೈ ಮಗ್ಗುಲಿಗೆ ಹೊರಳಿಸಿ, ಬಾಯಿ ಒರೆಸಿ, ಮತ್ತೆ ಶುರು ಮಾಡಿ. ಉಸಿರು ಬಂದ ಮೇಲೆ ಮಗ್ಗುಲಿಗೆ ಮಲಗಿಸಿ, ಒದ್ದೆ ಬಟ್ಟೆ ತೆಗೆದು ಒಣ ಚಾದರ ಹೊದಿಸಿ. ಕಣ್ಣು ತೆರೆದು ಅತ್ತರೂ ದವಾಖಾನೆ ತಪ್ಪಿಸಬಾರದು.

ಉಪ್ಪಿನ ರಾಶಿಯಲ್ಲಿ ಹುಗಿದರೆ ಜೀವ ಬರುತ್ತದೆ ಎಂಬ ವಿಡಿಯೊ ನಮ್ಮ ಕಡೆಯೂ ತಿರುಗಾಡುತ್ತಿದೆ. ಶುದ್ಧ ಸುಳ್ಳು. ಉಪ್ಪಿನ ಚೀಲ ಹುಡುಕುವ ಹೊತ್ತಿನಲ್ಲಿ ನೂರು ಸಲ ಊದಬಹುದು.

ಕಾಲುವಿ ದಂಡಿ, ಶಹಾಪುರ

ಹೊಂಡದ ಮಾತು ನಾ ಹೇಳ್ತೀನ್ರಿ. 12 ಮೀಟರ್ ಚೌಕ, 3 ಮೀಟರ್ ಆಳದ ಹೊಂಡ ಒಂದಕ್ಕ ಒಂದು ಇಳಿಜಾರಿನಾಗ ತೋಡಿದ್ರ ತುಂಬಿದಾಗ ಎರಡೂವರಿ ಲಕ್ಷ ಲೀಟರ್ ಹಿಡಿತದ. ಆಳಕ್ಕಿಂತ ಕೆಟ್ಟದ್ದು ಹೊಂಡಕ್ಕ ಹಾಸಿದ ಆ ಪ್ಲಾಸ್ಟಿಕ್ ಹಾಳಿ. ಪಾಚಿ ಕಟ್ಟಿದ ಮ್ಯಾಲ ಈಜು ಬರೋ ದೊಡ್ಡವರೇ ಹತ್ತಿ ಬರಾಕ ಆಗಲ್ಲ, ಕೈಗೆ ಹಿಡಿಯಾಕ ಏನೂ ಸಿಗಲ್ಲ. ಮಗನ ಹಿಂದ ಅಪ್ಪ ಜಿಗಿದು ಇಬ್ಬರೂ ಹೋಗೋದು ಇದಕ್ಕೇ. ಆ ಹುಡುಗ ಹಗ್ಗ ಹಿಡಿದು ಇಳಿದಿದ್ದೇ ಶಾಣ್ಯಾತನ.

ಇಳಿಜಾರಿನ ಉದ್ದ 14 ಫೂಟು ಬರ್ತದ. ನಾಕೂ ಮಗ್ಗಲಿಗೆ 25 ಫೂಟಿನ ದಪ್ಪ ಹಗ್ಗ, ಫೂಟಿಗೊಂದು ಗಂಟು ಹಾಕಿ, ತಳ ಮುಟ್ಟೋ ಹಂಗ ಬಿಡ್ರಿ. ಮ್ಯಾಲಿನ ತುದಿ ಒಡ್ಡಿನ ಹೊರಗ ಕಲ್ಲಿನ ಗೂಟಕ್ಕ ಕಟ್ರಿ. ಒಡ್ಡಿನ ಮ್ಯಾಲೇ ಗೂಟ ಹೊಡೆದ್ರ ಮಣ್ಣು ಹಸಿ ಆದಾಗ ಕಿತ್ತು ಬರ್ತದ. ನೂಲಿನ ಹಗ್ಗ ಕೊಳೀತದ, ಪ್ಲಾಸ್ಟಿಕ್ ಹಗ್ಗ ನಮ್ಮ ಬ್ಯಾಸಗಿ ಬಿಸಲಿಗೆ ಪುಡಿ ಆಗ್ತದ, ವರ್ಷಕ್ಕೊಮ್ಮೆ ಜಗ್ಗಿ ನೋಡಿ ಬದಲಾಯಿಸ್ರಿ. ಹಳೀ ಟಾಯರ್ ಸಾಲಾಗಿ ಕಟ್ಟಿ ನಿಚ್ಚಣಿಕಿ ಮಾಡೋದು ಛಲೋ ಉಪಾಯ, ಆದ್ರ ಒಳಗಿನ ತಂತಿ ಹೊರಗ ಬಂದ ಟಾಯರ್ ಹಾಳಿ ಹರೀತದ. ದಂಡಿಗೆ ಗಾಳಿ ತುಂಬಿದ ಟ್ಯೂಬ್ ಒಂದು, ಬೂಚು ಬಿಗಿದ ಖಾಲಿ 20 ಲೀಟರ್ ಕ್ಯಾನ್ ಒಂದು, ಎರಡಕ್ಕೂ ಹಗ್ಗ ಕಟ್ಟಿ ಇಡ್ರಿ. ಕ್ಯಾನ್ ಮನಿಗಿ ಒಯ್ದು ನೀರು ತುಂಬಾಕ ಹಚ್ಚತಾರ, ಅದಕ್ಕ ತಳಕ್ಕ ತೂತು ಹೊಡೀಬ್ಯಾಡ್ರಿ ಮತ್ತ, ತೇಲಲ್ಲ! ಕೆಂಪು ಬಣ್ಣ ಬಳೀರಿ, ಸಾಕು.

ಬೇಲಿ 5 ಫೂಟು, ಜಾಳಗಿ ತಂತಿ. ಜಾಲಿ ಕಂಟಿ ಒಣಗಿ ಸಂದು ಬೀಳ್ತದ, ನೆರಳಿನ ಬಲಿ (ಶೇಡ್ ನೆಟ್) ಆಡು ತಿಂದು ಹರೀತಾವ. ಕೃಷಿ ಭಾಗ್ಯ ಯೋಜನಿಯಾಗ ತಂತಿ ಬೇಲಿನೂ ಬರ್ತದ, ರೈತ ಸಂಪರ್ಕ ಕೇಂದ್ರದಾಗ ವಿಚಾರಿಸ್ರಿ. ಬೇಲಿ ಇದ್ದೂ ಮಕ್ಕಳು ಬೀಳೋದು ಗೇಟ್ ತೆರೆದಿಟ್ಟಾಗ. ಮೋಟಾರಿನ ಸ್ಟಾರ್ಟರ್ ಡಬ್ಬಿ ಬೇಲಿ ಹೊರಗ ಇಡ್ರಿ, ದಿನಕ್ಕ ನಾಕು ಸಲ ಗೇಟ್ ತೆರೆಯೋ ಕೆಲಸನೇ ತಪ್ಪತದ. ಮತ್ತ, ಯಾರಾದ್ರೂ ನೀರಾಗ ಬಿದ್ರ ಇಳಿಯೋಕಿಂತ ಮೊದಲು ಕರೆಂಟಿನ ಮೇನ್ ಸ್ವಿಚ್ ಬಂದ್ ಮಾಡ್ರಿ. ನೀರಿಗೆ ಕರೆಂಟ್ ಇಳಿದಿದ್ರ ಇಳಿದವರೂ ಉಳಿಯಲ್ಲ.

ಶಹಾಬಾದ್, ಚಿತ್ತಾಪುರ ಕಡಿ ಫರ್ಸಿ ಖಣಿಗೂ, ನಾರಾಯಣಪುರ ಎಡದಂಡಿ ಕಾಲುವಿಗೂ ಲೆಕ್ಕನೇ ಬ್ಯಾರೆ, ಅದನ್ನ ಇದರಾಗ ಕೂಡಸಲ್ಲ.

ಬಾಲವಿಕಾಸ, ಯಾದಗಿರಿ

ಋಣದ ಮಾತು. ರೊಕ್ಕ ಬೇಡ ಎಂದವರ ಮುಂದೆ ಮತ್ತೆ ಮತ್ತೆ ಹಿಡಿಯಬೇಡಿ, ಅವರಿಗೆ ಅದು ಕೂಸಿನ ಜೀವಕ್ಕೆ ಬೆಲೆ ಕಟ್ಟಿದಂತೆ ಕಾಣಬಹುದು. ಮನೆಗೆ ಕರೆದು ಹೋಳಿಗೆ ಊಟ ಹಾಕಿ, ಹುಡುಗನಿಗೂ ತಾಯಿ-ತಂದೆಗೂ ಆಯೇರಿ ಮಾಡಿ. ಅದನ್ನು ಯಾರೂ ಒಲ್ಲೆ ಎನ್ನುವುದಿಲ್ಲ. ಅದಕ್ಕೂ ಮೊದಲು ಆ ಹುಡುಗನನ್ನು ಒಮ್ಮೆ ಡಾಕ್ಟರಿಗೆ ತೋರಿಸಿದಿರಾ? ಅವನೂ ಅದೇ ನೀರು ಕುಡಿದಿರಬಹುದು. ನಿದ್ದೆಯಲ್ಲಿ ಬೆಚ್ಚಿ ಬೀಳುತ್ತಾನೆಯೇ ಎಂದೂ ಕೇಳಿ.

ಸಾಲೆ ಬಿಟ್ಟು ಆಡು ಕಾಯುತ್ತಿದ್ದಾನೋ, ರಜೆಯಲ್ಲೋ ಎಂದು ತಿಳಿದುಕೊಳ್ಳಿ. ಬಿಟ್ಟಿದ್ದರೆ ಹಾಸ್ಟೆಲಿಗೆ ಅರ್ಜಿ, ಜಾತಿ-ಆದಾಯ ಪ್ರಮಾಣಪತ್ರ, ಓಡಾಟ ಇವನ್ನು ನಿಮ್ಮ ಮನೆಯವರು ಮೈಮೇಲೆ ಹಾಕಿಕೊಳ್ಳಿ. ಅದು ನಿಜವಾದ ಆಯೇರಿ.

ಇನ್ನು ಪ್ರಶಸ್ತಿ. ಸಾಹಸ ತೋರಿದ 18 ವರ್ಷದೊಳಗಿನ ಹುಡುಗರಿಗೆ ರಾಜ್ಯ ಸರ್ಕಾರದ ಹೊಯ್ಸಳ ಪ್ರಶಸ್ತಿ, ಹುಡುಗಿಯರಿಗೆ ಕೆಳದಿ ಚೆನ್ನಮ್ಮ ಪ್ರಶಸ್ತಿ ಇದೆ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು, ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯಲ್ಲಿ ಕೇಳಿ. ಜೀವ ಉಳಿಸಿದವರಿಗೆ ಕೇಂದ್ರದ ಜೀವನ್ ರಕ್ಷಾ ಪದಕವೂ ಇದೆ, ಅದಕ್ಕೆ ಹೆಸರು ರಾಜ್ಯ ಸರ್ಕಾರದ ಮೂಲಕ ಹೋಗಬೇಕು. ಎರಡಕ್ಕೂ ಹೆಸರು ಬಿದ್ದುಹೋಗುವುದು ಕಾಗದ ಇಲ್ಲದೆ. ಇವತ್ತೇ ಬರೆದಿಡಿ: ತಾರೀಖು, ಹೊತ್ತು, ಸರ್ವೆ ನಂಬರ್, ನೀರಿನ ಆಳ, ನೋಡಿದವರ ಹೆಸರು, ಸಹಿ. ದವಾಖಾನೆಯ ಡಿಸ್ಚಾರ್ಜ್ ಸಾರಾಂಶದ ನಕಲು, 108ಕ್ಕೆ ಫೋನ್ ಮಾಡಿದ ಮೊಬೈಲಿನ ಕಾಲ್ ಪಟ್ಟಿಯ ಫೋಟೊ, ಪಿಡಿಒ ಪತ್ರ ಸೇರಿಸಿ. ಆರು ತಿಂಗಳ ಮೇಲೆ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ತೊಗರಿಹೊಲ

ಭಾಳ ಉಪಕಾರ ಆಯ್ತ್ರಿ. ನಿದ್ದಿಯಾಗ ಎಣಿಸಿದ್ವಿ, 28 ಬಂತು. ಕೆಮ್ಮು ಕಡಿಮಿ ಅದ. ಆದ್ರ ಜಳಕಕ್ಕ ತಂಬಿಗಿ ನೀರು ತಲಿಗೆ ಹಾಕಿದ್ರ ಚೀರತಾನ, ರಾತ್ರಿ ಹಾಸಗಿ ಒದ್ದಿ ಮಾಡಿಕೊಳ್ಳಾಕತ್ಯಾನ. ಅವರವ್ವಂತೂ ಎರಡು ದಿನ ಊಟ ಬಿಟ್ಟಾಳ.

ಮಕ್ಕಳ ವಾರ್ಡ್, ಕಲಬುರಗಿ

28 ಚೆನ್ನಾಗಿದೆ. ಚೀರುವುದು, ಹಾಸಿಗೆ ಒದ್ದೆ, ತಾಯಿಯನ್ನು ಬಿಡದಿರುವುದು ಇವೆಲ್ಲ ಮೊದಲ ಕೆಲವು ವಾರ ಬರುವಂಥವೇ, ಬೈಯಬೇಡಿ. ತಲೆಗೆ ನೀರು ಸದ್ಯಕ್ಕೆ ಬೇಡ, ಒದ್ದೆ ಬಟ್ಟೆಯಿಂದ ಒರೆಸಿ. ಆಮೇಲೆ ಬೋಗುಣಿಯಲ್ಲಿ ಕೈ ಆಡಿಸಲಿ, ಇನ್ನಷ್ಟು ದಿನಕ್ಕೆ ಕಾಲು, ಕಡೆಗೆ ತಂಬಿಗೆ ಅವನ ಕೈಗೇ ಕೊಡಿ. ತಿಂಗಳಾದರೂ ಇಳಿಯದಿದ್ದರೆ, ಅಥವಾ ಮೊದಲು ಬರುತ್ತಿದ್ದ ಮಾತು, ನಡಿಗೆ, ಆಟದಲ್ಲಿ ಹಿಂದೆ ಬಿದ್ದಂತೆ ಕಂಡರೆ, ಜಿಲ್ಲಾ ಆಸ್ಪತ್ರೆಯಲ್ಲಿ ಮಕ್ಕಳ ಬೆಳವಣಿಗೆಯ ತೊಂದರೆ ನೋಡುವ ಡಿಇಐಸಿ ವಿಭಾಗಕ್ಕೆ ಡಿಸ್ಚಾರ್ಜ್ ಕಾಗದ ತಗೊಂಡು ಹೋಗಿ.

ತಾಯಿಗೆ "ನಿನ್ನ ಲಕ್ಷ್ಯ ಎಲ್ಲಿತ್ತು" ಎಂದು ಮನೆಯಲ್ಲಿ ಯಾರೂ ಕೇಳದಂತೆ ನೀವು ನೋಡಿಕೊಳ್ಳಿ, ಹಿರಿಯರು ನೀವೇ ತಾನೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಚ್ಚಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಇವತ್ತು ಸಂಜೆ ಮತ್ತೊಮ್ಮೆ ಉಸಿರು ಎಣಿಸಿ ಹಾಕಿ.