ಸಹಾಯ ಬೇಕು: 400 ಎಚ್‌ಪಿಗೆ ಈ ಬ್ಲಾಕ್ ತಡೆಯುತ್ತದಾ?

ನಮಸ್ಕಾರ. ಉಡುಪಿಯವನು ನಾನು. ನನ್ನ ಹಳೇ ಸ್ಕೋಡಾ ಆಕ್ಟೇವಿಯಾ 1.8 ಟರ್ಬೋದ ಎಂಜಿನ್ ಬಿಚ್ಚಿಟ್ಟಿದ್ದೇನೆ. ಕಂಪನಿ ಕೊಟ್ಟದ್ದು 150 ಎಚ್‌ಪಿ. ನನಗೆ 400ರ ಹತ್ತಿರ ಬೇಕು, ಅದೂ ಕೊಯಮತ್ತೂರಿನ ಕರಿ ಟ್ರ್ಯಾಕಿನಲ್ಲಿ ಬಿಡದೆ ಓಡಿಸಿದರೂ ತಡೆಯುವ ಹಾಗೆ.

ಬ್ಲಾಕ್, ಅಂದರೆ ಸಿಲಿಂಡರುಗಳಿರುವ ಎಂಜಿನ್ನಿನ ಮುಖ್ಯ ಭಾಗ, ಬೀಡು ಕಬ್ಬಿಣದ್ದು, ಅದೇ ಧೈರ್ಯ. ಅಷ್ಟು ಪವರ್‌ಗೆ ಮೊದಲು ಬಾಗುವುದು ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್. ಅದಕ್ಕೆ ಫೋರ್ಜ್ಡ್ (ಬಡಿದು ಗಟ್ಟಿ ಮಾಡಿದ) ರಾಡ್, ಪಿಸ್ಟನ್ ಹಾಕುವುದು ಖಚಿತ. ತೊಂದರೆ ಇರುವುದು ಮೂರನೇ ಸಿಲಿಂಡರಿನಲ್ಲಿ. ಉಗುರು ಆಡಿಸಿದರೆ ಸಿಕ್ಕಿಕೊಳ್ಳುವಷ್ಟು ಆಳದ ಗೀರು.

ಮಲ್ಪೆಯಲ್ಲಿ ಬೋಟ್ ಎಂಜಿನ್ ಬೋರಿಂಗ್ ಮಾಡುವ ಹಿರಿಯರೊಬ್ಬರಿಗೆ ತೋರಿಸಿದೆ. ಟಾರ್ಚ್ ಹಿಡಿದು ತುಂಬಾ ಹೊತ್ತು ನೋಡಿದರು. "83ಕ್ಕೆ ಕೊರೆದರೆ ಗೀರು ಹೋಗ್ತದೆ ಮಾರಾಯ, ಆದ್ರೆ ಗೋಡೆ ಎಷ್ಟು ಉಳೀತದೆ ಅಂತ ಮೊದಲು ನೋಡು" ಅಂದರು. ಸರಿಯಾದ ಮಾತು. ಈಗಿನ ಬೋರ್, ಅಂದರೆ ಸಿಲಿಂಡರಿನ ಒಳವ್ಯಾಸ, 81 ಮಿ.ಮೀ. 83 ಮಾಡಿದರೆ 1781 ಸಿಸಿ ಸುಮಾರು 1870 ಆಗುತ್ತದೆ, ಆದರೆ ಸುತ್ತಲೂ 1 ಮಿ.ಮೀ. ಗೋಡೆ ಹೋಗುತ್ತದೆ. ಬೂಸ್ಟ್ (ಟರ್ಬೋ ತುಂಬುವ ಗಾಳಿಯ ಒತ್ತಡ) ಜಾಸ್ತಿಯಾದಾಗ ತೆಳು ಗೋಡೆ ಅಲುಗಿ ಬೋರ್ ದುಂಡಗೆ ಉಳಿಯುವುದಿಲ್ಲ. ರಿಂಗ್ ಹಿಡಿಯುವುದಿಲ್ಲ, ಗ್ಯಾಸ್ ಕೆಳಗಿಳಿಯುತ್ತದೆ. ನನಗೆ ಸಿಸಿಗಿಂತ ಗೋಡೆ ಮುಖ್ಯ.

ಇನ್ನೊಂದು ಸೆಕೆಂಡ್ ಹ್ಯಾಂಡ್ ಬ್ಲಾಕ್ ಸಿಗುತ್ತದೆ. ಆದರೆ ಎರಡು ಮಳೆಗಾಲ ಸಮುದ್ರದ ಹತ್ತಿರದ ಶೆಡ್‌ನಲ್ಲಿ ಬಿದ್ದಿತ್ತು, ನೀರು ಹರಿಯುವ ಜಾಗದಲ್ಲೆಲ್ಲ ತುಕ್ಕು.

ಟೊಯೊಟಾದ 2ಜೆಝಡ್ ಎಂಜಿನ್ ಹಾಕು ಅನ್ನುವವರಿದ್ದಾರೆ. 3 ಲೀಟರ್, ಆರು ಸಿಲಿಂಡರ್, ಗಟ್ಟಿ ಬ್ಲಾಕ್, ನಿಜ. ಆದರೆ ಎಂಜಿನ್ ಅಡ್ಡ ಕೂರುವ ನನ್ನ ಗಾಡಿಗೆ ಅದು ಹೊಂದುವುದಿಲ್ಲ ಅಲ್ವಾ?

ಬೈಕಂಪಾಡಿ ಕಡೆ ಅಲ್ಟ್ರಾಸೋನಿಕ್‌ನಲ್ಲಿ ಗೋಡೆಯ ದಪ್ಪ ಅಳೆಯುವವರು, ಟಾರ್ಕ್ ಪ್ಲೇಟ್ (ಹೆಡ್ ಬಿಗಿದ ಹಾಗೇ ಒತ್ತಡ ಕೊಡುವ ದಪ್ಪ ತಟ್ಟೆ) ಬಿಗಿದು ಹೋನಿಂಗ್, ಅಂದರೆ ಬೋರ್ ನಯವಾಗಿ ಉಜ್ಜುವ ಕೆಲಸ, ಮಾಡುವವರು ಯಾರಾದರೂ ಗೊತ್ತಿದ್ದರೆ ದಯವಿಟ್ಟು ಹೇಳಿ. ಬೋರ್ 82 ಮಿ.ಮೀ.ಗೇ ನಿಲ್ಲಿಸಿದವರಿದ್ದರೆ ನಿಮ್ಮ ಅನುಭವವೂ ಬೇಕು. ಗೀರಿನ ಫೋಟೋ ಕೆಳಗೆ ಹಾಕಿದ್ದೇನೆ.