ಠಾಣೆಗಳಿಗೆ ಮಾನ್ಯತೆ ಕೊಡುವ ಮಂಡಳಿ ಬೇಡ್ವಾ?

ಚಂದ್ರಗಿರಿ: ಅಮ್ಮನ ಸರ ಕಳವಾಗಿತ್ತು. ನಮ್ಮ ಕಾಸರಗೋಡು ಕಡೆಯ ಪೊಲೀಸ್ ಠಾಣೆಯಲ್ಲಿ ದೂರನ್ನು ಮಲಯಾಳದಲ್ಲಿ ಬರೆದು, ಓದಿ ಹೇಳದೆ ಸಹಿ ಕೇಳಿದರು. ಕನ್ನಡ ಮಾತ್ರ ಓದಲು ಬರುವ ಅಮ್ಮ ಪೆನ್ನು ಹಿಡಿದುಕೊಂಡು ನನ್ನ ಮುಖ ನೋಡಿದರು. ಆಸ್ಪತ್ರೆಗಳಿಗೆ ಎನ್‌ಎಬಿಎಚ್ ಎಂಬ ಮಾನ್ಯತಾ ಮಂಡಳಿ ಇದ್ದ ಹಾಗೆ ಠಾಣೆಗಳನ್ನೂ ಹೊರಗಿನವರು ಪರೀಕ್ಷಿಸಿ ಮಾನ್ಯತೆ ಕೊಡಬಾರದಾ?

ಬದಿಯಡ್ಕದವ: ಪೊಲೀಸರ ಮೇಲಿನ ದೂರು ಕೇಳುವ ಪ್ರಾಧಿಕಾರ ಇದೆ ಮಾರಾಯ್ರೇ. ಸುಪ್ರೀಂ ಕೋರ್ಟಿನ ಪೊಲೀಸ್ ಸುಧಾರಣೆ ಕುರಿತ 2006ರ ಪ್ರಕಾಶ್ ಸಿಂಗ್ ತೀರ್ಪಿನ ನಂತರ ಬಂದ 2011ರ ಕೇರಳ ಪೊಲೀಸ್ ಕಾಯ್ದೆಯಲ್ಲಿ ರಾಜ್ಯಕ್ಕೊಂದು, ಜಿಲ್ಲೆಗೊಂದು. ಡಿವೈಎಸ್‌ಪಿವರೆಗಿನವರ ಮೇಲಿನ ದೂರು ಜಿಲ್ಲೆಗೆ.

ಪೈವಳಿಕೆ: ಅದು ತಪ್ಪಾದ ಮೇಲೆ ಹೋಗುವ ಜಾಗ, ಅಲ್ವಾ? ಮೊದಲೇ ನೋಡುವವರು ಬೇಕು. ಹೇಳಿಕೆ ಓದಿ ಹೇಳಬೇಕು, ಎಫ್‌ಐಆರ್ ಪ್ರತಿ ಉಚಿತವಾಗಿ ಕೊಡಬೇಕು ಅಂತ ಹೊಸ ಕ್ರಿಮಿನಲ್ ಪ್ರಕ್ರಿಯಾ ಕಾನೂನಾದ ಬಿಎನ್‌ಎಸ್‌ಎಸ್ 173ನೇ ಸೆಕ್ಷನ್‌ನಲ್ಲೇ ಇದೆ. ನಮ್ಮ ಕಡೆ ಮಾನ್ಯತೆ ಕೊಡುವುದಾದರೆ, ಕನ್ನಡ ಓದಬಲ್ಲವರು ಒಬ್ಬರಾದರೂ ಇದ್ದಾರಾ ಅಂತ ಮೊದಲು ನೋಡಲಿ.