ಸಹಾಯ ಬೇಕು: ಅಜ್ಟೆಕ್ ಜನರ ದಿನನಿತ್ಯದ ಬದುಕಿನ ಬಗ್ಗೆ

ಎಲ್ರಿಗೂ ನಮಸ್ಕಾರ, ಹೈಸ್ಕೂಲ್ ಮಕ್ಳಿಗೆ ಅಜ್ಟೆಕ್ ಸಮಾಜದ ಬಗ್ಗೆ ಅರ್ಧ ಗಂಟೆ ಮಾತಾಡ್ಬೇಕು, ಆದ್ರೆ ಎಲ್ಲಿ ಹುಡುಕಿದ್ರೂ ಬರೀ ನರಬಲಿ ಕಥೆನೇ, ಮಿಕ್ಕಿದ್ದು ಯಾರಿಗೂ ಬೇಡ ಅನ್ಸುತ್ತೆ.

ನಂಗೆ ಬೇಕಿರೋದು ಜನ ಹೆಂಗ್ ಬದುಕ್ತಿದ್ರು ಅನ್ನೋದು. 1521ರಲ್ಲಿ ಸ್ಪೇನ್‌ನೋರ ಕೈಗೆ ಬೀಳೋವರೆಗೂ ಅವ್ರ ರಾಜಧಾನಿ ಟೆನೋಚ್ಟಿಟ್ಲಾನ್ (ಈಗಿನ ಮೆಕ್ಸಿಕೋ ಸಿಟಿ ಇರೋ ಜಾಗ) ಇದ್ದಿದ್ದೇ ಸರೋವರದ ಮಧ್ಯೆ, ಆಳ ಕಮ್ಮಿ ಇರೋ ಕಡೆ ಗೂಟ ನೆಟ್ಟು ಕೆಸರು, ಗಿಡಗಂಟಿ ತುಂಬಿ ಚಿನಾಂಪಾ ಅನ್ನೋ ಹೊಲ ಮಾಡಿ ಮೆಕ್ಕೆಜೋಳ, ಬೀನ್ಸ್ ಬೆಳೀತಿದ್ರು, ಅಂಚು ಕುಸೀದಂಗೆ ವಿಲೋ ಮರ ಬೇರೆ. ಪಕ್ಕದ ಟ್ಲಾಟೆಲೋಲ್ಕೋ ಊರಿನ ಸಂತೇಲಿ ಕೋಕೋ ಬೀಜನೇ ಚಿಲ್ಲರೆ ಕಾಸು, ಅದ್ರಲ್ಲೂ ಖೋಟಾ ಮಾಡೋರಿದ್ರಂತೆ (ಎಲ್ ಹೋದ್ರೂ ಇಂಥೋರು ಇದ್ದೇ ಇರ್ತಾರೆ). ಹತ್ತಿ ಬಟ್ಟೆ ದೊಡ್ಡೋರಿಗೆ, ಸಾಮಾನ್ಯರಿಗೆ ಕತ್ತಾಳೆ ಜಾತಿ ಗಿಡದ ನಾರಿಂದು. ಗುಲಾಮರೂ ಇದ್ರು, ಆದ್ರೆ ಅವ್ರ ಮಕ್ಳು ಗುಲಾಮರಲ್ಲ, ಇದು ನಂಗೆ ತುಂಬಾ ಇಂಟರೆಸ್ಟಿಂಗ್ ಅನ್ನಿಸ್ತು.

ಈಗ ಕೇಳ್ತಿರೋದು ಏನಂದ್ರೆ, ಕಲ್ಪುಲ್ಲಿ ಅಂತ ಕೇರಿಗಳಿದ್ವಲ್ಲ, ಅಲ್ಲಿ ಮನೆಮನೆಗೆ ಜಮೀನು ಹೆಂಗ್ ಹಂಚ್ತಿದ್ರು ಅಂತ ಓದ್ಕೊಂಡಿರೋರು ಸ್ವಲ್ಪ ಬಿಡಿಸಿ ಹೇಳಿ ಪ್ಲೀಸ್. ಮೆಕ್ಸಿಕೋ ಸಿಟಿಗೆ ಹೋಗಿದ್ದೋರು ಯಾರಾದ್ರೂ ಇದ್ರೆ ಅಲ್ಲಿನ ಸೋಚಿಮಿಲ್ಕೋ ಅನ್ನೋ ಕಡೆ ಈಗ್ಲೂ ಇರೋ ಚಿನಾಂಪಾ ಫೋಟೋ ಹಾಕಿ, ದೋಣಿ ಸೆಲ್ಫಿ ಅಲ್ಲ ಮಾರಾಯ್ರೆ, ಹೊಲದ ಅಂಚು ನೀರು ಎರಡೂ ಕಾಣ್ಬೇಕು.